ಗಂಟೆಗೊಮ್ಮೆ ಏಳುತ್ತಿದ್ದವಳು

ಸತ್ತವರ ಹಾಸಿಗೆ ಮನೆಯಲ್ಲಿರಬಾರದೆಂದು ಬೆಟ್ಟಮ್ಮ ಅತ್ತಿಗೆಯ ಚಾಪೆಯನ್ನು ಎಳೆದಾಗ ಅದರಡಿಯಿಂದ ಒಂದು ಪ್ಲಾಸ್ಟಿಕ್ ಹಾಳೆಯೂ ಒಂದು ನೋಟ್‌ಬುಕ್ಕೂ ಜಾರಿದವು. ಪ್ಲಾಸ್ಟಿಕ್ಕನ್ನು ಅವಳು ಸರಕ್ಕನೆ ಮಡಚಿ ಸೆರಗಿನ ಮರೆಗೆ ಸೇರಿಸಿದಳು. ನೋಟ್‌ಬುಕ್ಕು ಅವಳ ಅಣ್ಣ ಕೃಷ್ಣಪ್ಪನ ಕೈಗೆ ಸಿಕ್ಕಿತು.

ಕೃಷ್ಣಪ್ಪ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನು. ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತೇನೆಂಬ ಜಂಬ ನಿವೃತ್ತಿಯಾದರೂ ಹೋಗಿರಲಿಲ್ಲ. ನೋಟ್‌ಬುಕ್ಕಿನ ರಟ್ಟು ಹರಿದಿತ್ತು. ಒಳಗೆ ಹೆಂಡತಿ ಚಲುವಮ್ಮನ ಅಕ್ಷರದಲ್ಲಿ ಬರೀ ಹೊತ್ತುಗಳು: 6-10, 7-00, 7-50. ಕೆಲವಕ್ಕೆ ಕೆಂಪು ಸುತ್ತು. ಪ್ರತಿ ಮಂಗಳವಾರದ ಕೆಳಗೆ ಒಂದು ಗೆರೆ.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಕೃಷ್ಣಪ್ಪನ ಕಣ್ಣು ಹಳದಿಯಾಗಿ ಆರು ವರ್ಷವಾಗಿತ್ತು. ಅವಳು ಕೋಣೆಯಿಂದ ಚಾಪೆ ಕಿತ್ತುಕೊಂಡು ಹಿತ್ತಿಲ ಬಾಗಿಲ ಪಕ್ಕ ಮಲಗಲು ಶುರುಮಾಡಿದ್ದು ಆಗ. ಕೇಳಿದರೆ ಸೆಕೆ ಅನ್ನುವಳು. ಮಾಗಿಯ ಚಳಿಯಲ್ಲೂ ಅವಳಿಗೆ ಸೆಕೆ. ಮದುವೆಮನೆಗೆ ಹೋದರೆ ಧಾರೆಗೆ ಮೊದಲೇ ಎದ್ದು ಬರುವಳು. ಹೋದ ವರ್ಷದಿಂದ ಮಂಗಳವಾರ, ಹೂವಿನ ವ್ಯಾಪಾರ ಜೋರಾಗಿರುವ ದಿನವೇ, ದೇವರಾಜ ಮಾರುಕಟ್ಟೆಯ ಅಂಗಡಿ ಬಿಟ್ಟು ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದೆ ಅನ್ನುತ್ತಿದ್ದಳು. ಒಂದು ದಿನವೂ ಪ್ರಸಾದ ತಂದವಳಲ್ಲ. ನಿನ್ನೆ ಮಲ್ಲಿಗೆ ಕಟ್ಟುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಳು. ಕೇಳಬೇಕಾದ್ದೆಲ್ಲ ಇವನ ಹತ್ತಿರವೇ ಉಳಿಯಿತು.

ಶಾಮಿಯಾನದಡಿ ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದವನು ಮಹದೇವಸ್ವಾಮಿ, ಅವಳ ಪಕ್ಕದ ವೀಳ್ಯದೆಲೆ ಅಂಗಡಿಯವನು. ಕೃಷ್ಣಪ್ಪನಿಗೆ ಆ ಅಳು ಅತಿಯೆನಿಸಿತು. ಅವನನ್ನು ಬದಿಗೆ ಕರೆದು ಪುಟ ತೋರಿಸಿದ.

"ಏನಯ್ಯ ಇದು, ಈ ಟೈಮೆಲ್ಲ?"

"ಗೊತ್ತಿಲ್ಲ ಕಣಣ್ಣ. ಅಕ್ಕ ಗಂಟೆಗೊಂದ್ಸಲ ಎದ್ದೋಗೋರು. ಬರೋಗಂಟ ಅಂಗಡಿ ನಾನ್ ನೋಡ್ಕೊತಿದ್ದೆ."

"ಎಲ್ಲಿಗೋಗೋಳು?"

"ಕೇಳ್ಬೇಡ ಅಂದಿದ್ರು. ಕೇಳ್ಲಿಲ್ಲ."

"ಯಾರಾದ್ರೂ ಬರೋರಾ?"

ಮಹದೇವಸ್ವಾಮಿ ಕಣ್ಣೊರೆಸಿಕೊಂಡು ಅವನ ಮುಖವನ್ನೇ ನೋಡಿದ. "ಹೆಣ ಇನ್ನೂ ಮನೆ ಮುಂದೈತೆ ಅಣ್ಣ," ಎಂದು ಹೊರಗೆ ಹೋದ.

* * *

ಹೋದ ವರ್ಷ, ಆಸ್ಪತ್ರೆಯೊಂದರ ಸಣ್ಣ ಕೋಣೆ. ದಿನವಿಡೀ ಕೂತು ವ್ಯಾಪಾರ ಮಾಡುವ ಹೆಂಗಸರ ಮೂತ್ರದ ತೊಂದರೆಗಳ ಬಗ್ಗೆ ಸಂಘಮಿತ್ರ ಸಂಶೋಧನೆ ನಡೆಸುತ್ತಿದ್ದಳು. ಎದುರಿಗೆ ಚಲುವಮ್ಮ ಕೂತಿದ್ದಳು. ಮೂತ್ರಕ್ಕೆ ಹೋದಾಗೆಲ್ಲ ಹೊತ್ತು ಬರೆಯಬೇಕು, ತಡೆಯಲಾಗದೆ ಸೋರಿದ್ದಕ್ಕೆ ಸುತ್ತು ಹಾಕಬೇಕು, ಕುಡಿದ ನೀರು ಬರೆಯಬೇಕು, ಮಂಗಳವಾರ ತಂದು ತೋರಿಸಬೇಕು.

"ಕೆಮ್ಮಿದ್ರೆ, ನಕ್ಕರೆ ಸೋರುತ್ತಾ ಅಮ್ಮ?"

"ನಗೋದ್ ಬುಟ್ಟೇ ಸುಮಾರು ವರ್ಸಾಯ್ತು ಕಣವ್ವ."

"ಯಜಮಾನ್ರಿಗೆ ಗೊತ್ತಾ?"

ಚಲುವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಆಚೆ ಮಲಗ್ತೀನಿ. ಅವ್ರೇನೋ ಅನ್ಕೊಂಡವ್ರೆ. ಅನ್ಕೊಳ್ಳಲಿ. ಅವ್ರು ಮೂಗ್ ಮುಚ್ಕೊಳೋದ್ ನೋಡೋದ್ಕಿಂತ ಅನುಮಾನವೇ ವಾಸಿ. ನೀವೂ ಯಾರ್ಗೂ ಹೇಳ್ಬೇಡಿ."

ಯಾರಿಗೂ ಹೇಳುವುದಿಲ್ಲವೆಂಬ ಕಾಗದಕ್ಕೆ ಸಂಘಮಿತ್ರ ಸಹಿ ಹಾಕಿ ಕೊಟ್ಟಳು.

* * *

ಇವತ್ತೂ ಮಂಗಳವಾರ. ಚಲುವಮ್ಮ ಬರಲಿಲ್ಲ, ಫೋನೂ ಎತ್ತಲಿಲ್ಲ. ಅವಳ ಮನೆ ಹುಡುಕಿಕೊಂಡು ಕುಂಬಾರಕೊಪ್ಪಲಿಗೆ ಬಂದ ಸಂಘಮಿತ್ರ ಶಾಮಿಯಾನ ನೋಡಿ ನಿಂತುಬಿಟ್ಟಳು. ಹೆಣದ ಕಾಲು ಮುಟ್ಟಿ ಅತ್ತಳು. ಗುರುತಿಲ್ಲದ ಹೆಣ್ಣು ಅಳುವುದನ್ನು ಕಂಡ ಕೃಷ್ಣಪ್ಪ ನೋಟ್‌ಬುಕ್ಕನ್ನು ಅವಳ ಮುಂದೆ ಹಿಡಿದ.

"ಇದೇನಂತ ಗೊತ್ತಾ ನಿಮ್ಗೆ?"

"ಗೊತ್ತು ಸರ್. ಹೇಳೋ ಹಾಗಿಲ್ಲ. ಅವರಿಗೆ ಮಾತು ಕೊಟ್ಟಿದ್ದೀನಿ."

"ಮೂವತ್ತೆಂಟು ವರ್ಸ ಸಂಸಾರ ಮಾಡಿವ್ನಿ ಕಣಮ್ಮ. ನಾನೇನ್ ತೆಪ್ ಮಾಡ್ದೆ ಅಂತ ಎದ್ದೋಗಿ ಆಚೆ ಮಲಗಿದ್ಲು? ಅದೊಂದ್ ಹೇಳಿ. ಆಮೇಲೆ ಅವಳ್ನ ಮಣ್ಣಿಗೆ ಕಳಿಸ್ತೀನಿ."

ಸಂಘಮಿತ್ರ ಅವನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದಳು.

ಬೆಳಗಿನವರೆಗೂ ಅತ್ತಿಗೆಗೇನೋ ಮಂಗಳವಾರದ ಗುಟ್ಟಿದೆಯೆಂದು ಕಂಡವರ ಕಿವಿಯಲ್ಲೆಲ್ಲ ಪಿಸುಗುಟ್ಟಿದ್ದ ಬೆಟ್ಟಮ್ಮ, ಹೆಣಕ್ಕೆ ಸ್ನಾನ ಮಾಡಿಸಿ ಬಂದಮೇಲೆ ಬಾಯಿ ಬಿಟ್ಟಿರಲಿಲ್ಲ. ಈಗ ಮುಂದೆ ಬಂದು ಸೆರಗಿನ ಮರೆಯ ಪ್ಲಾಸ್ಟಿಕ್ ಹಾಳೆಯನ್ನು ಅಣ್ಣನ ಮುಂದಿಟ್ಟಳು.

"ಆ ಮಗೂನ ಬುಟ್ಬುಡು. ಅದು ಉಚ್ಚೆಗೋದ ಹೊತ್ತು ಕಣಣ್ಣ. ಅತ್ಗೆಗೆ ಸೋರ್ತಿತ್ತು. ಮೈ ತೊಳೆಯುವಾಗ ಮಡಚಿಟ್ಕೊಂಡಿದ್ದ ಬಟ್ಟೆ ನೋಡ್ದೆ."

"ನೋಡಿದ್ಕೇ ನಿಂಗೆಂಗ್ ಗೊತ್ತಾಯ್ತು?"

"ನನ್ ಹಾಸಿಗೆ ಕೆಳಗೂ ಇಂತದೊಂದೈತೆ."

ಕೂತಿದ್ದ ಹೆಂಗಸರಲ್ಲಿ ಯಾರೂ ನಗಲಿಲ್ಲ. ಇಬ್ಬರು ಮೂವರು ಸೀರೆ ಸರಿಮಾಡಿಕೊಂಡು ನೆಲ ನೋಡಿದರು. ಕೃಷ್ಣಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳಿಗೆ ತಾನು ಬೇಡವಾಗಿರಲಿಲ್ಲ ಎಂಬ ಸಮಾಧಾನವೂ ಅದರ ಬೆನ್ನಿಗೇ ಬಂತು, ಬಂದದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು. ಪುಟ ತಿರುವಿದ. ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಸಾಲಿತ್ತು, ಅವನು ಲಕ್ಷ್ಯ ಕೊಟ್ಟಿರಲಿಲ್ಲ. ನೀರು: ಅರ್ಧ ಲೋಟ. ಮಾರನೆಯ ದಿನ ಅರ್ಧ ಲೋಟ. ಅದರ ಮಾರನೆಯ ದಿನವೂ ಅಷ್ಟೇ.

"ಬಾಯಿಗೆ ನೀರು ಬಿಡೋರು ಬನ್ರಪ್ಪ, ಹೊತ್ತಾಯ್ತು," ಎಂದು ಯಾರೋ ಕೂಗಿದರು.

ಒಬ್ಬೊಬ್ಬರೇ ಬಂದು ತುಳಸಿ ಎಲೆಯಿಂದ ಎರಡೆರಡು ಹನಿ ಬಿಟ್ಟರು. ಕೊನೆಯಲ್ಲಿ ಬಂದ ಕೃಷ್ಣಪ್ಪ ಎಲೆ ಮುಟ್ಟಲಿಲ್ಲ. ಚೊಂಬನ್ನೇ ಎತ್ತಿ ಅವಳ ಬಾಯಿಗೆ ಬಗ್ಗಿಸಿದ. ನೀರು ತುಟಿ ದಾಟಿ, ಕತ್ತಿನಿಂದಿಳಿದು ಹೊಸ ಸೀರೆಯ ಮೇಲೆ ಹರಿಯಿತು.

ಬೆಟ್ಟಮ್ಮ ಅವನ ಕೈ ಹಿಡಿದಳು. "ಸಾಕು ಅಣ್ಣ, ಸೀರೆ ನೆನೀತದೆ."

"ನೆನೀಲಿ ಬುಡು," ಎಂದು ಕೃಷ್ಣಪ್ಪ ಚೊಂಬನ್ನು ಇನ್ನಷ್ಟು ಬಗ್ಗಿಸಿದ.