ಕೋಳಿ ಕೂಗದ ಹಟ್ಟಿ

ಜರ್ಮನಿಯ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮೊಳಕಾಲ್ಮೂರು ಕಡೆಯ ಒಂದು ಗಣಿಹಟ್ಟಿಯ ಮೇಲೆ ಸರ್ಕಾರದ ಭರ್ತಿ ಏಜೆಂಟನ ಕಣ್ಣು ಬಿತ್ತು. ಅದಿರು ಅಗೆದು ತೋಳು ಹುರಿಗಟ್ಟಿದ ಹುಡುಗರನ್ನು ಹಿಡಿದು ಕಡಲಾಚೆಯ ಬಸ್ರಾಕ್ಕೆ ದಂಡಿನ ಕೂಲಿಗೆ ಸಾಗಿಸುವುದು ಅವನ ಕಸುಬು. ಹೋದವರು ಯಾರೂ ತಿರುಗಿ ಬಂದಿರಲಿಲ್ಲ. ಅದಕ್ಕೇ ಹಟ್ಟಿಯ ಹಿರಿಯ ಜಂಪಣ್ಣ ಗುಟ್ಟಾಗಿ ಒಂದು ಕೂಟ ಕಟ್ಟಿದ. ಹುಡುಗರನ್ನೂ ದೇವರ ಪೆಟ್ಟಿಗೆಯನ್ನೂ ಪಾಳು ಗಣಿಯ ಸುರಂಗದಲ್ಲಿ ಅಡಗಿಸಿ, ಒಳಗಿನಿಂದ ಬಂಡೆ ಅಡ್ಡ ಇಡಿಸಿದರು. ಹೆಂಗಸರು ಸಗಣಿ ಪುಟ್ಟಿಯಡಿ ಮುದ್ದೆ ಸಾಗಿಸಿದರು. ಹೊಗೆ ಕಂಡರೆ ಏಜೆಂಟ ಹುಡುಕಿಕೊಂಡು ಬರುತ್ತಾನೆ, ಒಲೆಯದು ಬಿಟ್ಟು ಹಟ್ಟಿಯ ಸುತ್ತ ಹೊಗೆ ಏಳಕೂಡದು ಎಂಬ ಕಟ್ಟುನಿಟ್ಟು ಮಾತ್ರ ಹೊನ್ನಕ್ಕನದು. ಅವಳ ಕಿರಿಮಗ ಕಾಟಪ್ಪ ಸುರಂಗದಲ್ಲಿದ್ದ; ಹಿರಿಮಗ ಚಿತ್ತಪ್ಪ ಹೊರಗಿದ್ದು ಸುದ್ದಿ ತರುತ್ತಿದ್ದ.

ಚಳ್ಳಕೆರೆ ಸಂತೆಯಲ್ಲಿ ಚಿತ್ತಪ್ಪ ಏಜೆಂಟನ ಕೈಗೆ ಸಿಕ್ಕಿಬಿದ್ದ. ಇವನು ಆ ಹಟ್ಟಿಯವನೇ ಇರಬೇಕೆಂದು ಅನುಮಾನ; ತಾನು ಆ ಹಟ್ಟಿಯವನಲ್ಲ ಎಂದ ಚಿತ್ತಪ್ಪ. ಆದರೂ ಏಜೆಂಟ ಹೊಡೆಯಲಿಲ್ಲ, ಬೈಯಲಿಲ್ಲ. ಎಲೆ ಹಾಕಿಸಿ ಕೋಳಿ ಸಾರು ಬಡಿಸಿದ. ಹಟ್ಟಿಯವರು ಮ್ಯಾಸ ಬೇಡರು; ಮ್ಯಾಸ ಮಂದಿ ಕೋಳಿ ತಿನ್ನುವುದಿಲ್ಲ, ಸಾಕುವುದೂ ಇಲ್ಲ ಎಂದು ಆ ಸೀಮೆಗೆಲ್ಲ ಗೊತ್ತು. ತಿನ್ನದಿದ್ದರೆ ಆ ಹಟ್ಟಿಯವನೇ. ಆಮೇಲೆ ಉಗುರು ಕಿತ್ತು ಬಾಯಿ ಬಿಡಿಸುವುದು ಕಷ್ಟವಲ್ಲ. ಚಿತ್ತಪ್ಪ ಮೂಳೆ ಚೀಪಿ ಇನ್ನೊಂದು ಸೌಟು ಕೇಳಿದ. ಏಜೆಂಟನಿಗೆ ಬೇಕಾದದ್ದು ಅಡಗಿದ್ದ ಹಟ್ಟಿಯ ಹುಡುಗರು, ಇವನೊಬ್ಬನಲ್ಲ; ನಕ್ಕು ಬಿಟ್ಟು ಕಳಿಸಿದ.

ಚಿತ್ತಪ್ಪನ ಪೆದ್ದುತನ ಎಂದರೆ, ಹಟ್ಟಿಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

"ನಮ್ಮನ್ನ ಉಳಿಸ್ದೆ, ಸರಿ," ಅಂದ ಜಂಪಣ್ಣ. "ಆದ್ರೆ ಕೋಳಿ ತಿಂದೋನು ಹಟ್ಟಿ ಒಳಗೆ ಬರಂಗಿಲ್ಲ."

"ಹುಲ್ಲಿನ ಗುಡ್ಲು ಹಾಕಿ, ಬೆಂಕಿ ಇಕ್ಕಿ, ಅದ್ರಾಗೆ ಹಾಯಿಸ್ರಿ. ಶುದ್ಧಿ ಆಗ್ತಾನೆ. ಪದ್ಧತಿ ಐತಲ್ಲ," ಅಂದಳು ಹೊನ್ನಕ್ಕ.

"ಹೊಗೆ ಏಳಬಾರ್ದು ಅಂದೋಳು ನೀನೇ ಅಲ್ವೇನಮ್ಮ?"

ಯುದ್ಧ ಮುಗಿದ ಮೇಲೆ ಗುಡ್ಲು ಸುಟ್ಟರಾಯಿತು ಎಂದು ಕೂಟ ತೀರ್ಮಾನಿಸಿತು. ತೀರ್ಮಾನಿಸಿದವರಿಗೇನು, ಅವರ ಮಕ್ಕಳು ಸುರಂಗದಲ್ಲಿ ಬೆಚ್ಚಗಿದ್ದರು.

ಚಿತ್ತಪ್ಪ ಬೇಲಿಯಾಚೆ ಜಾಲಿ ಮರದಡಿ ಬಿದ್ದುಕೊಂಡ. ತಾಯಿ ದೂರದಲ್ಲೇ ಮುದ್ದೆ ಇಟ್ಟು ಬರುತ್ತಿದ್ದಳು. ಏಜೆಂಟನ ಕುದುರೆಗಳು ಹಟ್ಟಿಯತ್ತ ಬಂದ ದಿನ ಅವನು ಗಣಿಗೆ ಓಡಿ ತಮ್ಮನನ್ನು ಕರೆದ.

"ಕಲ್ಲು ಸರಿಸಲೇ, ಬಂದ್ಬಿಟ್ರು."

"ಒಳಗೆ ದೇವರ ಪೆಟ್ಟಿಗೆ ಐತಣ್ಣ," ಅಂದ ಕಾಟಪ್ಪ. "ನೀನು ಬರಂಗಿಲ್ಲ."

ಕಲ್ಲು ಕದಲಲಿಲ್ಲ. ತಾನು ಅಲ್ಲೇ ನಿಂತರೆ ಸುರಂಗದ ಬಾಯಿ ಅವರ ಕಣ್ಣಿಗೆ ಬೀಳುತ್ತದೆಂದು ಚಿತ್ತಪ್ಪ ಬಯಲಿನತ್ತ ಓಡಿದ. ಕುದುರೆಗಳು ಅವನ ಹಿಂದೆ ಬಿದ್ದವು.

"ಈ ಹಟ್ಟಿಯೋನಲ್ಲ ಅಂದ್ಯಲ್ಲ," ಅಂದ ಏಜೆಂಟ, ಕೈಗೆ ಹಗ್ಗ ಬಿಗಿಯುತ್ತ. "ಹಂಗಾದ್ರೆ ನಿನ್ನ ಕೇಳೋರೂ ಇಲ್ಲ."

ಯುದ್ಧ ಮುಗಿಯಿತು. ಚಿತ್ತಪ್ಪ ಬಸ್ರಾದಲ್ಲಿ ಸತ್ತನೆಂಬ ಸುದ್ದಿ ಬಂತು. ಸತ್ತ ಹಿರಿಯರ ಪೂಜೆಯಲ್ಲಿ ಅವನ ಹೆಸರನ್ನೂ ಕರೆಯಿರಿ ಎಂದು ಹೊನ್ನಕ್ಕ ಸೆರಗೊಡ್ಡಿ ಬೇಡಿದಳು.

"ಶುದ್ಧಿ ಆಗ್ಲಿಲ್ವಲ್ಲಮ್ಮ," ಅಂದ ಜಂಪಣ್ಣ.

ಅವಳು ಚಳ್ಳಕೆರೆಗೆ ನಡೆದುಹೋಗಿ ಒಂದು ಹುಂಜ ತಂದು ತನ್ನ ಬಾಗಿಲ ಕಂಬಕ್ಕೆ ಕಟ್ಟಿದಳು. ಗಂಡಸರೆಲ್ಲ ಬಂದು ಸುತ್ತ ನಿಂತರು. ಮುಟ್ಟಿದರೆ ಮೈಲಿಗೆ. ಕಲ್ಲೆಸೆದರೆ ಅದರ ರಕ್ತ ಹಟ್ಟಿಯ ನೆಲಕ್ಕೇ ಬೀಳುತ್ತದೆ. ಸರ್ಕಾರಕ್ಕೆ ಸಡ್ಡು ಹೊಡೆದ ಶೂರರು ಒಂದು ಹುಂಜದ ಮುಂದೆ ಕಂಗಾಲಾದರು.

"ಅವ್ವಾ, ಇದನ್ನ ಆಚೆ ಬಿಟ್ಟು ಬಾರವ್ವ," ಎಂದು ಕಾಟಪ್ಪ ಅಂಗಲಾಚಿದ.

"ನೀನೇ ಬಿಚ್ಚಿ ಬಿಟ್ಟು ಬಾ. ನಿಮ್ಮಣ್ಣ ನಿನಗೋಸ್ಕರ ತಿಂದ. ನೀನು ಮುಟ್ಟಿದ್ರೆ ಸಾಕು."

ಕಾಟಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮರುದಿನ ಬೆಳಗಾಗುವಾಗ ಆ ಹಟ್ಟಿಯಲ್ಲಿ ಮೊದಲ ಸಲ ಕೋಳಿ ಕೂಗಿತು. ಎಲ್ಲರಿಗೂ ಎಚ್ಚರವಾಯಿತು. ಒಬ್ಬರೂ ಬಾಗಿಲು ತೆರೆಯಲಿಲ್ಲ.