ಕೊಕ್ಕರೆಯ ಕೈ

ಆ ಎರಡು ವಾರ ನಮ್ಮ ಮನೆಯಲ್ಲಿ ಮಧ್ಯಾಹ್ನದ ತಟ್ಟೆಗಳು ತೊಳೆಯದೆ ಹಾಗೇ ಉಳಿಯುತ್ತಿದ್ದವು. ಎರಡೂವರೆಗೆ ಟಿ.ವಿ.ಯಲ್ಲಿ ಡಾರ್ಟ್ಸ್ ಚಾಂಪಿಯನ್‌ಷಿಪ್ ಶುರುವಾಗುತ್ತಿತ್ತು. ಅಕ್ಕ ಕೈ ಒರೆಸಿಕೊಂಡು ಬಂದು ಸೋಫಾದ ಅಂಚಿನಲ್ಲಿ, ಬಸ್ಸು ಬಂದರೆ ತಕ್ಷಣ ಏಳಬೇಕು ಅನ್ನುವವಳ ಹಾಗೆ ಕೂರುತ್ತಿದ್ದಳು.

ನಮ್ಮಲ್ಲಿ ಯಾರೂ ಆ ಆಟ ಆಡಿದವರಲ್ಲ. ಬೆರಳುದ್ದದ ಬಾಣಗಳನ್ನು ಗೋಡೆಯ ಮೇಲಿನ ದುಂಡು ಹಲಗೆಗೆ ಎಸೆಯಬೇಕು. ಐನೂರ ಒಂದರಿಂದ ಶುರುಮಾಡಿ, ಬಿದ್ದ ಅಂಕಗಳನ್ನು ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು. ಕೊನೆಯ ಬಾಣ ಮಾತ್ರ ಹಲಗೆಯ ಹೊರ ಅಂಚಿನ, ಅಂಕ ಎರಡರಷ್ಟಾಗುವ ತೆಳ್ಳನೆಯ ಪಟ್ಟಿಯಲ್ಲೇ ಬೀಳಬೇಕು. ಇಷ್ಟನ್ನು ನಾವು ನೋಡಿ ನೋಡಿಯೇ ಕಲಿತೆವು.

ಭಾವ ಲಿಫ್ಟ್ ರಿಪೇರಿ ಕೆಲಸದವರು. ಊಟಕ್ಕೆಂದು ಬಂದವರು ಅರ್ಧ ಗಂಟೆ ಹೆಚ್ಚೇ ಕೂತು ಗೇಲಿ ಮಾಡುತ್ತಿದ್ದರು. "ನಾನು ದಿನಾ ಗೋಡೆಗೆ ಮೊಳೆ ಹೊಡೀತೀನಿ. ಒಬ್ಬನಾದ್ರೂ ಚಪ್ಪಾಳೆ ತಟ್ಟಿದ್ದಾನಾ?"

"ನಿಮ್ಮ ಮೊಳೆ ಎಲ್ಲಿ ಬೀಳುತ್ತೆ ಅಂತ ನಮ್ಮ ಅಡುಗೆಮನೆ ಗೋಡೆ ನೋಡಿದ್ರೆ ಗೊತ್ತಾಗುತ್ತೆ, ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಿದ್ದಳು ಅಕ್ಕ.

ಆಟಗಾರರ ಹೆಸರು ನಮ್ಮ ನಾಲಗೆಗೆ ಹತ್ತುತ್ತಿರಲಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕಿ ಮುಂದಕ್ಕೆ ಬಾಗಿ ನಿಲ್ಲುವ ಉದ್ದನೆಯವನಿಗೆ ಭಾವ 'ಕೊಕ್ಕರೆ' ಎಂದು ಹೆಸರಿಟ್ಟರು. ಹೊಟ್ಟೆ ಮುಂದೆ ಬಂದ ಇನ್ನೊಬ್ಬ 'ಗಡಿಗೆ' ಆದ. ಅಕ್ಕ ನೋಡುತ್ತಿದ್ದದ್ದು ಕೊಕ್ಕರೆಯನ್ನು ಮಾತ್ರ. ಅವನಿಗೊಂದು ಕಾಯಿಲೆ ಇತ್ತು. ಬಾಣ ಹಿಡಿದ ಕೈ ಕಿವಿಯ ಹತ್ತಿರ ಹೋಗಿ, ಮುಂದೆ ಬಂದು, ಬೆರಳು ಬಿಡುವ ಹೊತ್ತಿಗೆ ನಿಂತುಬಿಡುತ್ತಿತ್ತು. ಬಾಣ ಕೈಯಲ್ಲೇ ಉಳಿಯುತ್ತಿತ್ತು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಈ ಆಟದಲ್ಲಿ ಕೆಲವರಿಗೆ ಹೀಗಾಗುತ್ತದೆ, ಕೈಗೆ ಏನೂ ಆಗಿರುವುದಿಲ್ಲ ಎಂದು ವೀಕ್ಷಕ ವಿವರಣೆಯವನು ಹೇಳಿದ ದಿನ ಅಕ್ಕ ಟಿ.ವಿ.ಯ ಧ್ವನಿ ಜೋರು ಮಾಡಿದ್ದಳು.

ಅವಳು ಅದನ್ನು ಯಾಕೆ ಅಷ್ಟು ಗಮನವಿಟ್ಟು ನೋಡುತ್ತಾಳೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅಕ್ಕ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಪರೀಕ್ಷೆಗೆ ರಕ್ತ ತೆಗೆಯುತ್ತಾಳೆ. ಪದವಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕಿಟಕಿ ನೋಡುತ್ತಾ ಕೂತಿದ್ದ ನನಗೆ ಅಲ್ಲೇ ಕೌಂಟರಿನ ಕೆಲಸ ಕೊಡಿಸಿದವಳೂ ಅವಳೇ. ಬೆಳಿಗ್ಗೆ ಆರಕ್ಕೆ ತೆರೆದು ಒಂದಕ್ಕೆ ಮುಚ್ಚುತ್ತೇವೆ. ಬಂದವರ ಹೆಸರು ಬರೆದುಕೊಂಡು, ಟೋಕನ್ ಕೊಟ್ಟು, ಒಂದನೇ ರೂಮಿಗೋ ಎರಡನೇ ರೂಮಿಗೋ ಕಳಿಸುವುದು ನನ್ನ ಕೆಲಸ. ಒಂದರಲ್ಲಿ ಅಕ್ಕ. ಎರಡರಲ್ಲಿ, ಸೂಜಿ ಚುಚ್ಚುವ ಮೊದಲು ಎಲ್ಲರಿಗೂ ಆರೋಗ್ಯದ ಪಾಠ ಹೇಳುವ ಹಿರಿಯರೊಬ್ಬರು. ನಾವು ಅವರನ್ನು ಮೇಷ್ಟ್ರು ಅನ್ನುತ್ತೇವೆ.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಒಂದನೇ ರೂಮಿನ ಬಾಗಿಲು ಅರೆ ತೆರೆದಿತ್ತು. ತಾಯಿಯ ತೊಡೆಯ ಮೇಲೆ ಒಂದು ಮಗು. ಅಕ್ಕನ ಸೂಜಿ ಆ ಪುಟ್ಟ ತೋಳಿನಿಂದ ಒಂದಿಂಚು ಮೇಲೆ ನಿಂತಿತ್ತು. ನಡುಗುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಕೊನೆಗೆ ಹೇಗೋ ತೆಗೆದಳು. ಹೊರಗೆ ಬಂದಾಗ ಅವಳ ಮೇಲ್ದುಟಿಯ ಮೇಲೆ ಬೆವರಿತ್ತು.

ನಾನು ಏನೂ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಮೊದಲಿಂದಲೂ ಹಾಗೆ. ಅವಳು ನನ್ನ ಎರಡು ವರ್ಷದ ಕಿಟಕಿಯ ಬಗ್ಗೆ ಕೇಳಿರಲಿಲ್ಲ. ಕೇಳದೆ ಇರುವುದು ದೊಡ್ಡ ದಯೆ ಎಂದೇ ನಾನು ತಿಳಿದುಕೊಂಡಿದ್ದೆ. ಮರುದಿನದಿಂದ ಸಹಿ ಹಾಕಲು ಕೌಂಟರಿನ ಮೇಲೆ ಚಾಚಿದ ತೋಳುಗಳನ್ನು ನೋಡತೊಡಗಿದೆ. ಹಗ್ಗದಂತೆ ನರ ಎದ್ದವರನ್ನು ಒಂದನೇ ರೂಮಿಗೆ ಕಳಿಸಿದೆ. ಮಕ್ಕಳು, ಮುದುಕರು, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ನರ ಒಳಗಿಳಿದವರು, ಎಲ್ಲರನ್ನೂ ಎರಡಕ್ಕೆ.

"ಏನಪ್ಪಾ, ಊರಿನ ಮುದುಕರೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತಾರಲ್ಲ?" ಎಂದು ಮೇಷ್ಟ್ರು ಒಮ್ಮೆ ಕೇಳಿದರು.

"ನಿಮ್ಮ ಪಾಠ ಅವರಿಗೆ ಇಷ್ಟ ಸಾರ್" ಎಂದೆ. ಅವರು ನಂಬಿದರು.

ಸೆಮಿಫೈನಲ್ಲಿನಲ್ಲಿ ಕೊಕ್ಕರೆಗೆ ಎದುರಾದವನು ಗಡಿಗೆ. ಸಮಸಮವಾಗಿ ಕೊನೆಯ ಸುತ್ತಿಗೆ ಬಂದರು. ಕೊಕ್ಕರೆಗೆ ಮೂವತ್ತೆರಡು ಉಳಿದಿತ್ತು, ಆದರೆ ಆ ಸುತ್ತಿನಲ್ಲಿ ಆಗಲೇ ನಾಲ್ಕು ಸಲ ಅವನ ಕೈ ನಿಂತಿತ್ತು. ಗಡಿಗೆಗೆ ಬೇಕಿದ್ದದ್ದು ನಲವತ್ತು. ಇಪ್ಪತ್ತರ ಅಂಚುಪಟ್ಟಿಗೆ ಒಂದೇ ಬಾಣ. ಕೈಯಲ್ಲಿ ಮೂರಿದ್ದವು.

ಮೊದಲನೆಯದು ಪಟ್ಟಿಯ ತಂತಿಗಿಂತ ಹೊರಗೆ ಬಿತ್ತು. ಎರಡನೆಯದು ಅದರ ಪಕ್ಕದಲ್ಲೇ. ಮೂರನೆಯದೂ ಅಲ್ಲೇ. ಸಭಾಂಗಣ ಹೋ ಎಂದಿತು.

"ಛೆ, ಬಾಯಿಗೆ ಬಂದ ತುತ್ತು!" ಎಂದರು ಭಾವ.

"ತಪ್ಪಿದ್ದಲ್ಲ ರೀ, ತಪ್ಪಿಸಿದ್ದು" ಎಂದಳು ಅಕ್ಕ.

"ಅವನಿಗೇನು ತಲೆ ಕೆಟ್ಟಿದೆಯಾ? ಸೆಮಿಫೈನಲ್ಲಿನಲ್ಲಿ ಯಾರಾದ್ರೂ ದಾನ ಮಾಡ್ತಾರಾ?"

"ಎಸೆದ ಮೇಲೆ ಅವನು ಹಲಗೆ ನೋಡಲೇ ಇಲ್ಲ. ಕೊಕ್ಕರೆ ಮುಖ ನೋಡ್ದ."

ಗಡಿಗೆ ಬೇಕೆಂದೇ ತಪ್ಪಿಸಿದನೋ, ನಿಜಕ್ಕೂ ಗುರಿ ತಪ್ಪಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪರದೆಯ ಮೇಲೆ ಕೊಕ್ಕರೆ ಗೆರೆಯ ಹಿಂದೆ ಬಂದು ನಿಂತ. ಎದುರಾಳಿಯ ಕಡೆ ಒಮ್ಮೆ ತಿರುಗಿದ ಅವನ ಮುಖದಲ್ಲಿ ಕೃತಜ್ಞತೆ ಇರಲಿಲ್ಲ. ಕೈ ಕಿವಿಯ ತನಕ ಹೋಯಿತು.

ಅಕ್ಕ ರಿಮೋಟ್ ಒತ್ತಿ ಟಿ.ವಿ. ಆರಿಸಿದಳು.

"ಏ, ಏ! ಒಂದು ನಿಮಿಷ ತಡಿಯೇ, ಮುಗೀಲಿ!" ಭಾವ ಎದ್ದೇ ನಿಂತರು.

ಅವಳು ನನ್ನ ಕಡೆ ತಿರುಗಿದ್ದಳು. "ಮೂರು ತಿಂಗಳಿಂದ ನನ್ನ ರೂಮಿಗೆ ಒಂದು ಮಗುವೂ ಬಂದಿಲ್ಲ."

ನಾನು ತಟ್ಟೆ ಎತ್ತಲು ಬಾಗಿದೆ.

"ಒಂದು ಮಗು ಬಂದಿಲ್ಲ, ಒಬ್ಬಳು ಅಜ್ಜಿ ಬಂದಿಲ್ಲ. ಬರೀ ಗಟ್ಟಿ ತೋಳಿನ ಗಂಡಸರು. ಜಿಮ್ಮಿಂದ ನೇರ ಬಂದ ಹಾಗೆ. ಏನೋ, ಮಾತಾಡು."

"ನಿನಗೆ ಕಷ್ಟ ಆಗ್ಬಾರ್ದು ಅಂತ..."

"ಕೇಳ್ಬಹುದಿತ್ತಲ್ಲ ನನ್ನನ್ನ? ಬಾಯಿ ಇಲ್ವಾ ನಿನಗೆ?"

ಭಾವ ನಮ್ಮಿಬ್ಬರ ಮುಖವನ್ನೂ ನೋಡಿದರು. "ಏನಾಯ್ತು? ಯಾವ ಮಗು?"

ಅಕ್ಕ ಅವರಿಗೇ ಹೇಳಿದಳು, ನನಗಲ್ಲ. "ಒಂದು ಸಲ ನನ್ನ ಕೈ ನಿಂತಿತ್ತು ರೀ. ಒಂದೇ ಸಲ. ಮುಂದಿನ ಮಗು ಬಂದಾಗ ಹೇಗಾದ್ರೂ ಗೆದ್ದುಬಿಡೋಣ ಅಂತ ಕಾಯ್ತಾ ಇದ್ದೆ. ಬರಲೇ ಇಲ್ಲ. ಕಾದು ಕಾದು ಹೆದರಿಕೆ ಬೆಳೀತು. ಈಗ ಹಗ್ಗದಂಥ ನರ ಮುಂದಿದ್ರೂ ಕೈ ನಿಲ್ಲುತ್ತೆ. ನಿನ್ನೆ ಆರು ಸಲ."

ಭಾವ ಗೇಲಿ ಮಾಡಲಿಲ್ಲ. ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಬೇಕಾದದ್ದಕ್ಕಿಂತ ಹೆಚ್ಚು ನೀರು ಬಿಟ್ಟು ತೊಳೆಯುತ್ತಾ ನಿಂತರು.

ನಾನು ಅಲ್ಲೇ ಕೂತಿದ್ದೆ. ಆರು ಸಲ ಎಂಬುದು ನನಗೆ ಗೊತ್ತಿರಲಿಲ್ಲ. ತೋಳು ಆರಿಸಿ ಕಳಿಸಿದ ಮೇಲೆ ನಾನು ಒಂದನೇ ರೂಮಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ.

ಮರುದಿನ ಲ್ಯಾಬಿನ ಷಟರ್ ಎತ್ತುವಾಗ ಅಕ್ಕ ಹೇಳಿದಳು: "ಇವತ್ತು ಸಾಲಿನಲ್ಲಿ ಬಂದ ಹಾಗೆ ಕಳಿಸು. ಬೆಸ ಟೋಕನ್ ನನಗೆ, ಸಮ ಟೋಕನ್ ಮೇಷ್ಟ್ರಿಗೆ. ಮಧ್ಯೆ ನಿನ್ನ ತಲೆ ಓಡಿಸ್ಬೇಡ."

ಒಂದು, ಮೂರು, ಐದು ಒಳಗೆ ಹೋಗಿ ಬಂದರು. ಐದನೆಯವನು ಹೊರಗೆ ಬಂದದ್ದು ತಡವಾಗಿ. ಏಳನೇ ಟೋಕನ್ ಒಬ್ಬ ಅಜ್ಜಿಯದು. ಸಹಿ ಹಾಕಲು ತೋಳು ಚಾಚಿದಾಗ ಮೊಣಕೈಯ ಒಳಗೆಲ್ಲ ಹಳೆಯ ಸೂಜಿಗಳ ನೀಲಿ ಕಲೆ. ಒಂದು ನರವೂ ಕಾಣಲಿಲ್ಲ.

ನೀರು ಕುಡಿದರೆ ನರ ಸ್ವಲ್ಪ ಮೇಲೆ ಬರುತ್ತದೆ. "ಅಜ್ಜಿ, ಒಂದು ಲೋಟ ನೀರು ಕುಡಿದು, ಹತ್ತು ನಿಮಿಷ ಕೂತು ಬನ್ನಿ" ಅಂದರೆ ಯಾರೂ ತಪ್ಪು ಹುಡುಕುವುದಿಲ್ಲ. ಅಷ್ಟರಲ್ಲಿ ಸಾಲು ಮುಂದಕ್ಕೆ ಹೋಗಿರುತ್ತದೆ, ಅಜ್ಜಿಯನ್ನು ಎರಡಕ್ಕೆ ಕಳಿಸಬಹುದು. ಬಾಯಿ ತೆರೆದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಏಳು" ಎಂದು ಅವಳೇ ಕರೆದಳು.

ಬಾಗಿಲನ್ನು ಪೂರ್ತಿ ತೆರೆದೇ ಬಿಟ್ಟಳು. ರಬ್ಬರ್ ಪಟ್ಟಿ ಕಟ್ಟಿ, ಬೆರಳಿನಿಂದ ತಡವಿ, ಹತ್ತಿಯಿಂದ ಒರೆಸಿದಳು. ಹತ್ತೊಂಬತ್ತು ವರ್ಷದ ಆ ಚಲನೆಗಳಲ್ಲಿ ಒಂದೂ ಹೆಚ್ಚುಕಡಿಮೆ ಇರಲಿಲ್ಲ. ಸೂಜಿ ಕೆಳಗಿಳಿಯಿತು. ಒಂದಿಂಚು ಮೇಲೆ ನಿಂತಿತು.

ನಿಂತೇ ಇತ್ತು.

"ಏನಮ್ಮಾ, ಹೆದರಿಕೇನಾ?" ಎಂದರು ಅಜ್ಜಿ. "ಚುಚ್ಚಿಸ್ಕೊಳ್ಳೋಳು ನಾನು. ನಾನೇ ಹೆದರಿಲ್ಲ."

ಸಾಲಿನಲ್ಲಿ ಒಬ್ಬರು ನಕ್ಕರು.

"ಹೌದಜ್ಜಿ, ಹೆದರಿಕೆ" ಎಂದಳು ಅಕ್ಕ. ಹಿಂದಿನ ಬೆಂಚಿನವರೆಗೂ ಕೇಳಿಸಿತು. ಸೂಜಿಗೆ ಮುಚ್ಚಳ ಹಾಕಿ, ಪಟ್ಟಿ ಬಿಚ್ಚಿ, ಅಜ್ಜಿಯ ತೋಳನ್ನು ಮೆಲ್ಲಗೆ ಕುರ್ಚಿಯ ಕೈ ಮೇಲೆ ಇಟ್ಟಳು. "ಮೇಷ್ಟ್ರೇ, ಸ್ವಲ್ಪ ಇಲ್ಲಿ ಬನ್ನಿ. ನನ್ನ ಕೈಲಿ ಆಗ್ತಿಲ್ಲ."

ಮೇಷ್ಟ್ರು ಬಂದರು. ಆ ದಿನ ಅವರು ಯಾವ ಪಾಠವನ್ನೂ ಹೇಳಲಿಲ್ಲ. ಅಕ್ಕ ಸಾಲನ್ನು ದಾಟಿ ಹೋಗಿ, ಲ್ಯಾಬ್ ನಡೆಸುವ ಡಾಕ್ಟರ ಕೋಣೆಯ ಬಾಗಿಲು ತಟ್ಟಿದಳು. ಹೊರಗೆ ಬಂದಾಗ ಒಂದು ತಿಂಗಳು ಅವಳಿಗೆ ಸೂಜಿ ಬೇಡ, ಒಳಗಿನ ಮೆಷಿನ್ ಕೋಣೆಯಲ್ಲಿ ಕೆಲಸ ಎಂದು ತೀರ್ಮಾನವಾಗಿತ್ತು. ಆಮೇಲೆ ನೋಡೋಣ ಅಂದಿದ್ದರಂತೆ. ನಾನು ಉಳಿದ ಟೋಕನ್ನುಗಳನ್ನೆಲ್ಲ ಎರಡನೇ ರೂಮಿಗೇ ಕೊಟ್ಟೆ. ತೋಳುಗಳನ್ನು ನೋಡುವ ಅಗತ್ಯ ಇರಲಿಲ್ಲ. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಒಂದೂವರೆಯ ಬಸ್ಸಿನಲ್ಲಿ ಅವಳು ನನ್ನ ಮುಂದಿನ ಸೀಟಿನಲ್ಲಿ ಕೂತಳು. ಅವಳ ಕೈಗಳು ಮಡಿಲಿನಲ್ಲಿದ್ದವು, ಅಂಗೈ ಮೇಲೆ ಮಾಡಿ. ಮೂರು ಸ್ಟಾಪು ದಾಟಿದವು. ಆಮೇಲೆ ಮುಂದೆ ಬಾಗಿ, ನನಗೇ ಅಪರಿಚಿತವಾದ ಧ್ವನಿಯಲ್ಲಿ ಕೇಳಿದೆ: "ಅಕ್ಕಾ, ಕೈ ನಿಂತಾಗ ನಿನಗೆ ಏನನ್ನಿಸುತ್ತೆ?"

ಅವಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡೆ. ನಮ್ಮ ಸ್ಟಾಪು ಬಂದು, ಕಂಬಿ ಹಿಡಿದು ಎದ್ದು ನಿಂತ ಮೇಲೆ ಹೇಳಿದಳು.

"ಇವತ್ತು ಬೇಡ. ನಾಳೆ ಕೇಳು." ಎರಡು ಮೆಟ್ಟಿಲು ಇಳಿದು ಮತ್ತೆ ನಿಂತಳು. "ಕೇಳು ಮಾತ್ರ. ಬಿಟ್ಟುಬಿಡಬೇಡ."