ತೊಟ್ಟಿಲಿಗೆ ಹಾಕದ ಕಲ್ಲು

“ಏ ತುಳಜೀ, ಕಲ್ಲ ಒಡಿ ಅಂದ್ರ ತೊಡಿ ಮ್ಯಾಲ ಇಟ್ಕೊಂಡು ಕುಂತಿಯಲ್ಲೇ! ಮಲಿ ಕುಡಸಾಕತ್ತಿಯೇನ ಅದಕ್ಕ?”

ಮುಕ್ಕದಮ ವೈಜಿನಾಥನ ಮಾತಿಗೆ, ಹೊಸ ಸಡಕಿಗೆ ಕಲ್ಲು ಒಡೆದು ಖಡಿ ಮಾಡುತ್ತಿದ್ದ ಹೆಂಗಸರೆಲ್ಲ ನಕ್ಕರು. ನಗಲೇಬೇಕಿತ್ತು. ಒಡೆದ ಖಡಿಯನ್ನು ಸಂಜೆ ಮರದ ಪೆಟ್ಟಿಗೆಯಲ್ಲಿ ಅಳೆದು ಕೂಲಿ ಕೊಡುವವನು ಅವನೇ. ಅವನ ಚೇಷ್ಟೆಗೆ ನಗದವಳ ಪೆಟ್ಟಿಗೆ ಎಷ್ಟು ತುಂಬಿದರೂ ತುಂಬುತ್ತಿರಲಿಲ್ಲ.

“ಕುಡಸಲಿ ಬಿಡ್ರಿ ಮುಕ್ಕದಮರ,” ಎಂದಳು ಪಕ್ಕದ ರಾಶಿಯ ಮುದುಕಿ ಸುಂದರಬಾಯಿ. “ನಿಮಗಿಂತ ಕಲ್ಲ ಬೇಸಿ ಅದ. ಕಡಿಯೂದಿಲ್ಲ.”

ಈ ಸಲದ ನಗು ನಿಜವಾದ ನಗು. ವೈಜಿನಾಥ ಬಾಯಲ್ಲಿದ್ದ ತಂಬಾಕು ಉಗುಳಿ, “ನಿಮ್ಮೌವ್ನ, ಬಾಯಿಗಿ ಬರ ಇಲ್ಲ ನಿಮಗ” ಎನ್ನುತ್ತ ಡಾಂಬರಿನ ಪೀಪಾಯಿಗಳ ಕಡೆ ಹೋದ.

ತುಳಜಾಬಾಯಿ ಮಾತ್ರ ನಕ್ಕಿರಲಿಲ್ಲ. ತೊಡೆಯ ಮೇಲಿನ ಕಲ್ಲನ್ನು ಮೆಲ್ಲನೆ ಹೊರಳಿಸಿದಳು. ಸುತ್ತ ಬಿದ್ದಿದ್ದ ಕಲ್ಲುಗಳೆಲ್ಲ ಕೆಂಪು, ಒರಟು; ಇದೊಂದೇ ಕಪ್ಪು, ನುಣುಪು. ಒಂದು ಮಗ್ಗುಲು ಕೈ ಹಿಡಿದು ಹಿಡಿದು ಸವೆದಿತ್ತು. ಇನ್ನೊಂದು ತುದಿಯಲ್ಲಿ ಉಗುರಿನಷ್ಟು ಚಕ್ಕೆ ಹಾರಿತ್ತು. ಆ ಚಕ್ಕೆ ಹಾರಿಸಿದವಳು ಅವಳೇ. ಮೋರಖಂಡಿಯ ತವರಿನಲ್ಲಿ ಹುಡುಗಿಯಾಗಿದ್ದಾಗ ಕೈ ಜಾರಿ ಹೊಸ್ತಿಲ ಮೇಲೆ ಬೀಳಿಸಿ ಅವ್ವನಿಂದ ಹೊಡೆತ ತಿಂದಿದ್ದಳು. ಮದುವೆಯಾಗಿ ಬರುವಾಗ ಅವ್ವ ಅದನ್ನೇ ಉಡಿಯಲ್ಲಿ ಹಾಕಿ ಕಳಿಸಿದ್ದಳು: ಖಾರ ಅರೆಯುವ ಗುಂಡಕಲ್ಲು.

ಆ ಕಲ್ಲು ಈಗ ಇರಬೇಕಾದ ಜಾಗ ಇದಲ್ಲ.

ಆ ಸೀಮೆಯಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಹೋಗುವುದು ಕೂಸಲ್ಲ, ಗುಂಡಕಲ್ಲು. ಅದನ್ನು ತೊಳೆದು, ಅರಿಸಿನ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆಯುತ್ತಾರೆ. ತೊಟ್ಟಿಲಿನ ಆಚೆ ಈಚೆ ನಿಂತ ಹೆಂಗಸರು ಅದನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಕೂಸಿನ ಆಯುಷ್ಯ ಕಲ್ಲಿನಂತಾಗಲಿ ಎಂದು. ಆಮೇಲೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್‌ರ್’ ಎಂದು ಹೆಸರು ಉಸುರಬೇಕು. ಉಸುರುವಾಗ ಉಳಿದವರು ಅವಳ ಬೆನ್ನಿಗೆ ಗುದ್ದಿ ನಗಬೇಕು. ಅಲ್ಲಿಯತನಕ ಆ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿಲ್ಲ.

ಹೋದ ವರ್ಷ ತುಳಜಾಬಾಯಿಯ ಕೂಸು ಹೆಸರಿಡುವ ದಿನ ಬೆಳಿಗ್ಗೆಯೇ ಹೋಯಿತು. ಕಲ್ಲು ತೊಳೆದಾಗಿತ್ತು. ಅರಿಸಿನ ಹಚ್ಚಿಯಾಗಿತ್ತು. ತೊಟ್ಟಿಲಿಗೆಂದು ಸಿಂಗರಿಸಿದ ಕಲ್ಲನ್ನು ಮತ್ತೆ ಖಾರಕ್ಕೆ ಇಳಿಸುವುದು ಹೇಗೆ? ಗಂಡ ಕಾಶಿರಾಮ ಕೂಸನ್ನು ಕೇರಿಯವರ ಸುಡುಗಾಡಿನಲ್ಲಿ ಬೇವಿನ ಮರದ ಹತ್ತಿರ ಹುಗಿದು, ನಾಯಿ ಕೆದರಬಾರದೆಂದು ಆ ಕಲ್ಲನ್ನೇ ಮೇಲಿಟ್ಟು ಬಂದಿದ್ದ. ಹೆಸರು ತುಳಜಾಬಾಯಿಯ ಬಾಯಲ್ಲೇ ಉಳಿಯಿತು. ಖಾರ ಅರೆಯಲು ಅಂದಿನಿಂದ ಸುಂದರಬಾಯಿಯ ಮನೆಗೆ ಹೋಗುತ್ತಿದ್ದಳು.

ಕಲ್ಲು ತಂದು ಸುರಿದಿದ್ದ ಬಂಡಿಯ ಪಂಡರಿ ಎತ್ತಿಗೆ ನೀರು ಕುಡಿಸುತ್ತಿದ್ದ. ತುಳಜಾಬಾಯಿ ಎದ್ದು ಹೋದಳು.

“ಪಂಡರಣ್ಣಾ, ಈ ಕಲ್ಲ ಎಲ್ಲಿಂದ ತಂದಿ?”

“ಎಲ್ಲಿಂದಂದ್ರ? ನಿಮ್ಮ ಸುಡಗಾಡದಿಂದ.” ಪಂಡರಿ ಅವಳ ಮುಖ ನೋಡಲಿಲ್ಲ. “ಮ್ಯಾಲಿನವರ ಹೊಲದಾಗ ಕಲ್ಲ ಆಯಾಕ ಹೋದ್ರ ಬಡಿಗಿ ತಗೋತಾರ. ಸತ್ತವರು ಬ್ಯಾಡ ಅನ್ನೂದಿಲ್ಲ ನೋಡು.”

ಕಲ್ಯಾಣದಿಂದ ಮಂಠಾಳದ ಕಡೆ ಹೋಗುವ ಹೊಸ ಸಡಕು ಅದು. ಸಾಹೇಬರು ಮೊದಲು ಗೂಟ ಹೊಡೆದಿದ್ದು ನೆಟ್ಟಗೆ, ಮಾಣಿಕಪ್ಪ ಪಾಟೀಲನ ಬಾವಿ ಮತ್ತು ಕಬ್ಬಿನ ನಡುವೆ. ಒಂದು ದಿನ ನೋಡಿದರೆ ಗೂಟಗಳು ಅಲ್ಲಿರಲಿಲ್ಲ. ಪಾಟೀಲ ಎದುರಾದರೆ ಕೇರಿಯ ಹೆಂಗಸು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುವಂತೆ ಸರ್ಕಾರದ ಸಡಕೂ ಸರಿದಿತ್ತು. ಸರಿದು ಬಂದು ಸುಡುಗಾಡಿನ ಮೇಲೆ ನಿಂತಿತ್ತು.

ಇದು ತುಳಜಾಬಾಯಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಡಕು ಸುಡುಗಾಡಿನ ಅಂಚಿನಲ್ಲಿ ಹೋಗುತ್ತದೆ, ಬೇವಿನ ಮರದತನಕ ಬರುವುದಿಲ್ಲ ಎಂದು ಕಾಶಿರಾಮ ಹೇಳಿದ್ದ. ನಂಬಿದ್ದಳು. ನಂಬದೆ ಖಡಿ ಒಡೆಯಲು ಕೈ ಏಳುತ್ತಿರಲಿಲ್ಲ.

ವೈಜಿನಾಥ ಅತ್ತ ಮುಖ ಮಾಡಿದಾಗ ಕಲ್ಲನ್ನು ರೊಟ್ಟಿಯ ಬುಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿದಳು.

ಕಾಶಿರಾಮ ಸಂಜೆ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಡಾಂಬರು ಹತ್ತಿದ ಕಾಲು ತೊಳೆದರೆ ಹೋಗುವುದಿಲ್ಲ, ಆದರೂ ದಿನಾ ತೊಳೆಯುತ್ತಿದ್ದ. ಅವಳು ಬುಟ್ಟಿ ತಂದು ಅವನ ಮುಂದಿಟ್ಟು ಬಟ್ಟೆ ಸರಿಸಿದಳು. ಅವನು ಚೊಂಬನ್ನು ಕೆಳಗಿಟ್ಟ.

“ನೀನ ಬಂಡಿಗಿ ಹೇರಿದಿ ಇದನ?”

“ಕೇರಿ ಗಂಡಸರೆಲ್ಲ ಹೇರಿದ್ರು. ಪಾಟೀಲನ ಹುಕುಂ ಆಗಿತ್ತು. ನಾ ಒಬ್ಬಾಂವ ಹ್ಯಾಂಗ ನಿಂದರಲಿ?”

“ಬೇವಿನ ಗಿಡದ ತನಕ ಬರೂದಿಲ್ಲ ಅಂದಿದ್ದಿ.”

“ಅಪ್ಪನ ಮ್ಯಾಲಿನ ಕಲ್ಲೂ ನಾನ ಹೇರೀನಿ.” ಅವನು ಹೆಬ್ಬೆರಳಿನಿಂದ ಹಿಮ್ಮಡಿಯ ಡಾಂಬರು ಉಜ್ಜಿದ. “ಕಣ್ಣ ಮುಚ್ಚಿ ಹೇರೀನಿ, ತುಳಜಾ. ಯಾವ್ದು ಯಾರ್ದು ಅಂತ ನೋಡಲಿಲ್ಲ.”

“ನೀ ಕಣ್ಣ ಮುಚ್ಚಿ ಹೇರಿದಿ. ನಾ ಕಣ್ಣ ತಗದು ಒಡೀಬೇಕಲ್ಲ.”

ಅವನು ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅವನು ಮತ್ತೆ ಚೊಂಬು ಎತ್ತಿಕೊಂಡು ಅದೇ ಕಾಲನ್ನು ತೊಳೆಯತೊಡಗಿದ. ಆ ಕಾಲು ನೋಡುತ್ತ ಅವಳಿಗೆ ಸಿಟ್ಟು ಎಲ್ಲಿ ಇಡಬೇಕೋ ತಿಳಿಯದೆ ಹೋಯಿತು. ಒಲೆ ಹೊತ್ತಿಸಿದಳು. ರೊಟ್ಟಿ ಬಡಿಯುವಾಗ ಒಂದೇ ವಿಚಾರ ಸುತ್ತುತ್ತಿತ್ತು. ಕೂಸಿನ ಮೇಲೆ ಈಗ ಖಡಿ ಬಿದ್ದಿದೆ. ಖಡಿಯ ಸಂದಿಯಲ್ಲಿ ಗಾಳಿ ಹೋಗುತ್ತದೆ, ನೀರು ಹೋಗುತ್ತದೆ, ಮಾತೂ ಹೋದೀತು. ರೋಲರ್ ಓಡಿ, ಡಾಂಬರು ಬಿದ್ದ ಮೇಲೆ ಕಿವಿ ಮುಚ್ಚಿ ಹೋಗುತ್ತದೆ. ಹೆಸರು ಹೇಳುವುದಿದ್ದರೆ ಅದಕ್ಕೂ ಮೊದಲೇ ಹೇಳಬೇಕು.

ಮರುದಿನ ಕೋಳಿ ಕೂಗುವಾಗ ಅವಳು ಬೇವಿನ ಮರದ ಹತ್ತಿರ ಇದ್ದಳು. ಮರ ಇರಲಿಲ್ಲ, ಬೊಡ್ಡೆ ಇತ್ತು. ಬೊಡ್ಡೆಯಿಂದ ಮೂಡಣಕ್ಕೆ, ಅವಳು ಎಷ್ಟೋ ಸಲ ದೂರದಿಂದ ನೋಡಿದ ಜಾಗ, ಈಗ ಹೊಸ ಸಡಕಿನ ನಟ್ಟನಡುವೆ ಇತ್ತು. ಖಡಿಯ ಮೇಲೆ ಕೂತು ಕಲ್ಲಿಗೆ ಅರಿಸಿನ ಹಚ್ಚಿದಳು. ಮದುವೆ ಸೀರೆಯ ಸೆರಗು ಕತ್ತರಿಸಿ ಹೊಲಿದಿದ್ದ ಕುಂಚಿಗೆಯನ್ನು ತೊಡಿಸಿದಳು. ಅಷ್ಟರಲ್ಲಿ ಹಿಂದಿನಿಂದ ಬಂದ ವೈಜಿನಾಥನ ಕೈ ಅವಳ ತುರುಬು ಹಿಡಿದು ಎಳೆಯಿತು.

“ಹಲ್ಕಟ್ ರಂಡಿ! ಭಾನಾಮತಿ ಮಾಡಾಕತ್ತಿ? ಅದಕ್ಕ ರೋಲರ ನಿಂತದ ನಿನ್ನಿಯಿಂದ!”

ಹುಮನಾಬಾದಿನಿಂದ ಬಂದಿದ್ದ ರೋಲರ್ ಹಿಂದಿನ ದಿನ ಮಧ್ಯಾಹ್ನದಿಂದ ಕೆಟ್ಟು ನಿಂತಿತ್ತು. ಡ್ರೈವರ್ ಗಯಾಸುದ್ದೀನ್ ಅದರ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದ. ಅರಿಸಿನ ಬಳಿದ ಕಲ್ಲು, ಅದಕ್ಕೆ ಕೂಸಿನ ಅಂಗಿ. ವೈಜಿನಾಥನಿಗೆ ಮತ್ತೇನೂ ಬೇಕಾಗಿರಲಿಲ್ಲ. ಕೆಲಸಕ್ಕೆ ಬಂದವರೆಲ್ಲ ಗುಂಪು ಕಟ್ಟಿದರು. ಭಾನಾಮತಿ, ಮಾಟ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಕೇರಿಯ ಹೆಂಗಸರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ತುಳಜಾಬಾಯಿ ಅದನ್ನು ಕಂಡಳು. ತುರುಬಿನ ನೋವಿಗಿಂತ ಅದು ಹೆಚ್ಚು ನೋಯಿತು.

ಹೊತ್ತು ಏರಿದ ಮೇಲೆ ಮಾಣಿಕಪ್ಪ ಪಾಟೀಲ ಫಟಫಟಿಯ ಮೇಲೆ ಬಂದ. ಬಿಳಿ ಧೋತರ, ಕಾಲಲ್ಲಿ ಬೂಟು.

“ಹಲ್ಲ ಕಿತ್ತಬಿಡೂನ್ರಿ ಧಣಿ,” ಎಂದ ವೈಜಿನಾಥ. “ಹಲ್ಲ ಹೋದ್ರ ಮಂತ್ರ ಹೊಂಡೂದಿಲ್ಲ.”

“ತಡಿಯಲೇ.” ಪಾಟೀಲ ಸಡಕಿನ ನಡುವೆ ನಿಂತು ಬೂಟಿನ ತುದಿಯಿಂದ ಕಲ್ಲನ್ನು ಹೊರಳಿಸಿದ. “ನಾಡಿದ್ದ ಮಂತ್ರಿ ಸಾಹೇಬ್ರು ಬರಾಕತ್ತಾರ. ರಾಜ್ಯಕ್ಕ ಹೊಸಾ ಹೆಸರಿಟ್ಟಾರ. ನಿಮ್ಮಂಥವರ ಬಾಗಿಲಿಗಿ ಮೋಟಾರ ಬರಲಿ ಅಂತ ಹೊಸಾ ಸಡಕ ಮಾಡಾಕತ್ತಾರ. ನೀವು ಹೊಲ್ಯಾರು ಇನ್ನಾ ಕಲ್ಲಿಗಿ ಅಂಗಿ ತೊಡಿಸ್ಕೋತ ಕುಂತೀರಿ. ಯಾರ ಮ್ಯಾಲ ಮಾಡಿದಿ, ಬೊಗಳು.”

“ಭಾನಾಮತಿ ಅಲ್ರಿ, ಯಪ್ಪಾ. ಕೂಸಿನ ಕಲ್ಲರಿ ಅದು.”

“ಯಾವ ಕೂಸು?”

“ಕೆಳಗದರಿ. ನೀವು ನಿಂತಲ್ಲೇ.”

ಪಾಟೀಲ ಥಟ್ಟನೆ ಹಿಂದೆ ಸರಿದ. ಬೂಟು ಖಡಿಯ ಮೇಲೆ ಜಾರಿತು. ವೈಜಿನಾಥ ತೋಳು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದ. ಗುಂಪಿನಲ್ಲಿ ಯಾರೂ ನಗಲಿಲ್ಲ. ಆದರೆ ಎಲ್ಲರೂ ನೋಡಿದ್ದರು. ನೋಡಿದ್ದಾರೆಂಬುದು ಪಾಟೀಲನಿಗೂ ತಿಳಿಯಿತು. ಹೊಲಗೇರಿಯ ಹೆಣ್ಣಿನ ಒಂದು ಮಾತಿಗೆ ಅವನು ದಾರಿ ಬಿಟ್ಟಿದ್ದ. ಅವನ ಮುಖ ಕಪ್ಪಿಟ್ಟಿತು.

ಅದೇ ಹೊತ್ತಿಗೆ ರೋಲರ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಧಡಧಡನೆ ಸುರುವಾಯಿತು. ಗಯಾಸುದ್ದೀನ್ ಕೈ ಒರೆಸಿಕೊಳ್ಳುತ್ತ ಮೇಲೆದ್ದ.

“ಚಾಲೂ ಆತ್ರಿ ಪಾಟೀಲಸಾಬ! ಪೈಪಿನ್ಯಾಗ ಕಚರಾ ಕುಂತಿತ್ತು. ಆ ಹೆಣ್ಣಮಗಳದು ಏನೂ ಕಸೂರ ಇಲ್ರಿ.”

ಹೆಂಗಸರ ಗುಂಪಿನಲ್ಲಿ ಉಸಿರು ಸಡಿಲಾಯಿತು. ತುಳಜಾಬಾಯಿ ಕಲ್ಲಿಗೆ ಕೈ ಚಾಚಿದಳು. ಪಾಟೀಲನ ಬೂಟು ಅವಳ ಕೈಗೂ ಕಲ್ಲಿಗೂ ನಡುವೆ ಬಂತು.

“ರೋಲರ ಚಾಲೂ ಆದ್ರೇನ, ಬಿಟ್ರೇನ. ಒಡಿ ಇದನ. ನಿನ ಕೈಲೆ ಒಡಿ. ಸರ್ಕಾರದ ಖಡಿ ಇದು. ಒಡೀಲಿಲ್ಲಂದ್ರ ನಾಳಿಂದ ಕೇರಿ ಒಂದ ನಾಯಿನೂ ಈ ಕೆಲಸಕ್ಕ ಬರಬಾರದು.”

ವೈಜಿನಾಥ ಸುತ್ತಿಗೆ ತಂದು ಅವಳ ಮುಂದೆ ಎಸೆದ. ಅವಳದೇ ಸುತ್ತಿಗೆ. ಹಿಡಿಯ ಮೇಲೆ ಅವಳು ಸುತ್ತಿದ ಚಿಂದಿಯೇ ಇತ್ತು.

ಕಾಶಿರಾಮ ಗುಂಪಿನಿಂದ ಮುಂದೆ ಬಂದ. ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳಿಗಷ್ಟೇ ಕೇಳುವಂತೆ ಹೇಳಿದ: “ಒಡದಬಿಡು, ತುಳಜಾ. ಕಲ್ಲದ. ಕೂಸಲ್ಲ.”

ಅವಳು ಗಂಡನನ್ನು ನೋಡಿದಳು. ಅವನ ಕಣ್ಣು ಈಗಲೂ ಮುಚ್ಚಿತ್ತು.

ಸುತ್ತಿಗೆ ಎತ್ತಿಕೊಂಡಳು. ಕಲ್ಲು ಎಲ್ಲಿ ಒಡೆಯುತ್ತದೆಂದು ಕೈಗೇ ಗೊತ್ತು. ಹೊಸ್ತಿಲ ಮೇಲೆ ಚಕ್ಕೆ ಹಾರಿದ ಜಾಗದಲ್ಲಿ ಒಂದೇ ಏಟು, ಎರಡು ಹೋಳು. ಕೇರಿಯ ಒಲೆಗಳೆಲ್ಲ ಆ ಒಂದು ಏಟಿಗೆ ಕಾದಿದ್ದವು. ಅವ್ವನ ಕೈ ನೆನಪಾಯಿತು. ಖಾರದ ಕೆಂಪು ಹತ್ತಿದ, ಉಗುರು ಸವೆದ ಕೈ. ಒಳಗೆ ವರ್ಷದಿಂದ ಇಟ್ಟುಕೊಂಡ ಹೆಸರು, ಹಾಲು ಕಟ್ಟಿದ ಎದೆಯಂತೆ, ಮುಟ್ಟಿದರೆ ನೋಯುತ್ತಿತ್ತು. ಆ ಹಾಲನ್ನಾದರೂ ಅವಳು ಗೋಡೆಗೆ ಹಿಂಡಿದ್ದಳು. ಹೆಸರನ್ನು ಎಲ್ಲಿ ಹಿಂಡುವುದು?

ಸುತ್ತಿಗೆಯನ್ನು ಪಕ್ಕಕ್ಕೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು. ಪಾಟೀಲನ ಬೂಟಿನ ಮುಂದಿನಿಂದ ಕಲ್ಲನ್ನು ಎತ್ತಿ, ಜಾರಿದ ಕುಂಚಿಗೆ ಸರಿಮಾಡಿ, ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು.

“ಸುಂದರವ್ವಾ, ಗುಂಡಪ್ಪನ್ನ ತಗೋ.”

ಯಾರೂ ಅಲುಗಾಡಲಿಲ್ಲ. ರೋಲರ್ ಧಡಧಡ ಎನ್ನುತ್ತಿತ್ತು.

“ಗುಂಡಪ್ಪನ್ನ ತಗೋ, ಯವ್ವಾ. ನನಗ ನಾದಿನಿ ಇಲ್ಲ. ನೀನ ಬರಬೇಕು.”

ಸುಂದರಬಾಯಿ ಪಾಟೀಲನನ್ನು ನೋಡಿದಳು, ವೈಜಿನಾಥನನ್ನು ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, “ಸುಡ್ಲಿ, ಮುದುಕಿ ಹಲ್ಲ ಹ್ಯಾಂಗೂ ಉದರ್ಯಾವ, ಇನ್ನೇನ ಕೀಳ್ತಾರ” ಎಂದು ಸಡಕು ದಾಟಿ ಆಚೆ ಅಂಚಿಗೆ ಹೋಗಿ ನಿಂತಳು. ಕೈ ಚಾಚಿದಳು. ಇಬ್ಬರ ನಡುವೆ ಸಡಕಿನ ಅಗಲ. ಕೈ ಎಟುಕಲಿಲ್ಲ. ಆಗ ಖಡಿ ಒಡೆಯುವವರ ಪೈಕಿ ಚಂದಮ್ಮ ಬಂದು ನಡುವೆ ನಿಂತಳು. ಆಮೇಲೆ ಕೇಶರಬಾಯಿ. ಅವಳ ಅವಳಿ ಕೂಸುಗಳೂ ಇದೇ ಖಡಿಯ ಕೆಳಗಿದ್ದವು.

“ಗುಂಡಪ್ಪನ್ನ ತಗೋ.”

“ತಗೊಂಡೆ. ಗುಂಡಪ್ಪನ್ನ ತಗೋ.”

ಕಲ್ಲು ಒಮ್ಮೆ ತಲೆಯ ಎತ್ತರದಲ್ಲಿ ಆಚೆ ಹೋಯಿತು, ಒಮ್ಮೆ ಮೊಣಕಾಲಿನ ಕೆಳಗೆ ಈಚೆ ಬಂತು. ರೋಲರಿನ ಕಬ್ಬಿಣದ ಗಾಲಿಯ ಮುಂದೆ, ತೊಟ್ಟಿಲೇ ಇಲ್ಲದ ಕಡೆ.

“ಹೊಡಿಯಲೇ ಗಾಡಿ!” ಪಾಟೀಲ ಕೂಗಿದ. “ಹೊಡಿ ಅಂದೆ! ಸರೀತಾವ ತಾನ!”

ಗಯಾಸುದ್ದೀನ್ ಮೇಲೆ ಹತ್ತಿ ಕೂತಿದ್ದ. ಕೈ ಹಿಡಿಕೆಯ ಮೇಲಿತ್ತು. ಹಿಡಿಕೆ ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

ಹೆಸರು ಗೊತ್ತಿದ್ದುದು ತುಳಜಾಬಾಯಿಗೊಬ್ಬಳಿಗೇ. ಕಲ್ಲನ್ನು ಖಡಿಯ ಮೇಲೆ ಮಲಗಿಸಿ, ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿದಳು. ಖಡಿಯ ಸಂದಿಗೆ ತುಟಿಯಿಟ್ಟು, “ಕುರ್‌ರ್...” ಎಂದಳು. ಬೆನ್ನ ಮೇಲೆ ಮೊದಲ ಗುದ್ದು ಸುಂದರಬಾಯಿಯದು. ಆಮೇಲೆ ಯಾರು ಯಾರದೋ. ಸುತ್ತಿಗೆ ಹಿಡಿದು ಗಟ್ಟಿಯಾದ ಕೈಗಳು. ಬೆನ್ನಿನಿಂದ ಕಲ್ಲಿನ ಧೂಳು ಎದ್ದಿತು. ನಗಬೇಕಾದ ಹೊತ್ತು. ಯಾರಿಗೂ ನಗು ಬರಲಿಲ್ಲ. ರೋಲರಿನ ಸದ್ದಿನಲ್ಲಿ ಹೆಸರು ಯಾರಿಗೂ ಕೇಳಿಸಲಿಲ್ಲ.

ಅವಳು ತಲೆ ಎತ್ತಿದಾಗ ಕೆನ್ನೆಯ ಮೇಲೆ ಖಡಿಯ ಗುರುತು ಮೂಡಿತ್ತು.

“ಏನಂದಿ ಅದಕ್ಕ? ಏನ ಮಂತ್ರ ಹಾಕಿದಿ?” ಪಾಟೀಲನ ದನಿ ಒಡೆದಿತ್ತು. “ಏನ ಹೆಸರ ತಗೊಂಡಿ, ಬೊಗಳು!”

“ನಾ ಯಾಕ ಹೇಳಲಿ?” ಎಂದಳು ತುಳಜಾಬಾಯಿ. ‘ಯಪ್ಪಾ’ ಎನ್ನಲಿಲ್ಲ. “ಕೇಳಿದಾಕಿ ಕೆಳಗ ಅದಾಳ. ಬಗ್ಗಿ ಕೇಳು.”

ಬಿಸಿಲು ನೆತ್ತಿಗೆ ಬರುತ್ತಿತ್ತು. ಪೀಪಾಯಿಗಳಲ್ಲಿ ಡಾಂಬರು ಕುದಿಯುತ್ತಿತ್ತು. ನಿಂತಲ್ಲೇ ನಡುಗುತ್ತಿದ್ದ ರೋಲರಿನ ಮುಂದೆ ಹೆಂಗಸರು ಕಲ್ಲಿನ ಸುತ್ತ ಕೂತಿದ್ದರು. ಕಾಶಿರಾಮ ದೂರದಲ್ಲಿ ಬೇವಿನ ಬೊಡ್ಡೆಯ ಹತ್ತಿರ ಕಣ್ಣು ತೆರೆದು ನಿಂತಿದ್ದ. ಯಾರೂ ಬಗ್ಗಲಿಲ್ಲ. ಯಾರೂ ಏಳಲಿಲ್ಲ.